ಸಂಬಳ ಬಂದರೂ ಬಾರದ ತಿಂಗಳು

ಆಟಿ ತಿಂಗಳಿಡೀ, ಅಂದರೆ ತುಳುನಾಡಿನ ಆಷಾಢದಲ್ಲಿ, ನನ್ನ ಮಾಮಿಯ ಬೆರಳ ತುದಿಗಳು ಕಪ್ಪಗಿರುತ್ತಿದ್ದವು. ಬಾಳೆಹೂ ಬಿಡಿಸಿ ಬಿಡಿಸಿ ಹತ್ತಿದ ಕರೆ ಅದು. ಸಾಬೂನಿಗೂ ಬಗ್ಗದು, ಹುಣಸೆಹುಳಿಗೂ ಬಗ್ಗದು. ಗಂಡನ ತಾಯಿಯನ್ನು ನಮ್ಮ ಕಡೆ ಮಾಮಿ ಎನ್ನುತ್ತೇವೆ. ನಾನು ಬಂಟ್ವಾಳದಿಂದ ಬೆಳುವಾಯಿಗೆ ಮದುವೆಯಾಗಿ ಬಂದ ಮೊದಲ ಮಳೆಗಾಲ. ಗಂಡ ಮಸ್ಕತ್‌ನಲ್ಲಿ ಎಸಿ ಮೆಕ್ಯಾನಿಕ್. ಮನೆಯಲ್ಲಿ ಕೊರತೆಯೇನೂ ಇರಲಿಲ್ಲ. ಆದರೂ ಆಟಿ ಬಂದದ್ದೇ ತಡ, ಮೀನಿನವನ ಹಾರ್ನ್ ಎಷ್ಟು ಕೂಗಿದರೂ ಮಾಮಿ ಅಂಗಳಕ್ಕೆ ಇಳಿಯಲಿಲ್ಲ. ಟಿವಿಗೆ ರೀಚಾರ್ಜ್ ಇಲ್ಲ, ಆಟೋ ಇಲ್ಲ. ಬೆಳಿಗ್ಗೆ ಗಂಜಿ, ಮಧ್ಯಾಹ್ನ ಹಿತ್ತಲಿನ ಸೊಪ್ಪು.

ನಾನು ಅಳುಕುತ್ತಲೇ ಕೇಳಿದೆ, "ಮಾಮಿ, ಈ ತಿಂಗಳು ಇವರ ಸಂಬಳ ಬರಲಿಲ್ಲವಾ?"

"ಬಂದಿದೆ. ಬರಲಿಲ್ಲ ಅಂತ ಇಟ್ಟುಕೊಳ್ಳುವ."

ಆ ತಿಂಗಳ ಹಣ ಬಂದ ಹಾಗೆಯೇ ಸೊಸೈಟಿಯ ಠೇವಣಿಗೆ ಹೋಗುತ್ತಿತ್ತು. ಇದು ಅವರ ವರ್ಷಾವರ್ಷದ ಕ್ರಮ. ಆಟಿ ಎಂದರೆ ಹಿಂದಿನವರಿಗೆ, ಮಳೆಗೆ ಕೂಲಿ ಕೆಲಸ ನಿಂತು, ಹೇಗೂ ಕಷ್ಟದ ತಿಂಗಳು. ಈಗಿನವರಿಗೆ ಅದು ಕೆಸುವಿನೆಲೆಯ ಪತ್ರೊಡೆ ಮಾಡಿ ಫೋಟೋ ತೆಗೆಯುವ ತಿಂಗಳು. ಮಾಮಿ ಮಾತ್ರ ಅದನ್ನು ಇನ್ನೂ ಕಷ್ಟದ ತಿಂಗಳಾಗಿಯೇ ಉಳಿಸಿಕೊಂಡಿದ್ದರು. ಹಟ ಎಂದರೆ ಹಟ. ನನ್ನ ಅಮ್ಮ ಮಗಳ ಮನೆಯೆಂದು ಮೊದಲ ಸಲ ಬಂದಾಗಲೂ ಒಣಮೀನಿನ ಚಟ್ನಿಯನ್ನೇ ಬಡಿಸಿದರು. ಅಮ್ಮನಿಗೆ ಆ ಬೇಸರ ಇನ್ನೂ ಹೋಗಿಲ್ಲ.

ಯಾಕೆ ಹೀಗೆ ಎಂದು ಒಮ್ಮೆ ಸೌತೆಕಾಯಿ ಹೆಚ್ಚುತ್ತಾ ಹೇಳಿದರು. ನಾನು ಬರುವ ಮೊದಲೇ ತೀರಿಕೊಂಡಿದ್ದ ನನ್ನ ಮಾವ ಫರಂಗಿಪೇಟೆಯ ಕಡೆ ಒಂದು ಹೆಂಚಿನ ಕಾರ್ಖಾನೆಯಲ್ಲಿದ್ದರಂತೆ. ಒಂದು ಬೆಳಿಗ್ಗೆ ಕೆಲಸಕ್ಕೆ ಹೋದರೆ ಗೇಟಿಗೆ ಬೀಗ. "ಮನೆಯಲ್ಲಿ ಅಕ್ಕಿ ಇತ್ತು ಮಗಾ, ಸ್ವಲ್ಪ ಹಣವೂ ಇತ್ತು. ಆದರೆ ಇವರಿಗೆ ಹೆದರಿಕೆ ಹಿಡಿಯಿತು. ಅದೇ ವಾರ ಹಾಲು ಕೊಡುವ ದನವನ್ನು ಅರ್ಧ ಬೆಲೆಗೆ ಕೊಟ್ಟುಬಿಟ್ಟರು. ಮುಂದಿನ ತಿಂಗಳು ಬೇರೆ ಕೆಲಸ ಸಿಕ್ಕಿತು. ದನ ಸಿಕ್ಕಿತಾ? ನಮ್ಮನ್ನು ಹಾಳು ಮಾಡಿದ್ದು ಬಡತನ ಅಲ್ಲ, ಗಡಿಬಿಡಿ. ಹಣ ಕೂಡಿಟ್ಟರೆ ಸಾಲದು, ಇಲ್ಲದೆ ಇದ್ದು ಅಭ್ಯಾಸವೂ ಬೇಕು."

ಇಷ್ಟು ಕೇಳಿ ಅವರನ್ನು ಜಿಪುಣಿ ಎಂದುಕೊಳ್ಳಬೇಡಿ. ಆಟಿ ಮುಗಿದು ಸೋಣ ತಿಂಗಳು ಹುಟ್ಟಿದರೆ ಅವರೇ ಮುಂದೆ ನಿಂತು ಕೋಳಿ ತರಿಸುವರು, ನನಗೆ ಸೀರೆ ಕೊಡಿಸುವರು. ನಾನು ಸೀರೆಯ ಬೆಲೆಚೀಟಿ ತಿರುಗಿಸಿ ನೋಡಿದರೆ ಅಂಗಡಿಯಲ್ಲೇ ಗದರುವರು: "ಆಸೆಯನ್ನು ಕೂಡಿಟ್ಟರೆ ಅದಕ್ಕೆ ಬಡ್ಡಿ ಬರುವುದಿಲ್ಲ, ತಗೋ."

ಒಂದು ವರ್ಷ ನನ್ನ ಗಂಡನಿಗೆ ರಜೆ ಸಿಕ್ಕಿದ್ದು ಆಟಿಯಲ್ಲೇ. ಎರಡು ವರ್ಷದ ನಂತರ ಊರಿಗೆ ಬಂದವರಿಗೆ ಗಂಜಿ ಸೊಪ್ಪು ಸೇರುವುದುಂಟೇ? ಬಟ್ಟಲು ಸರಿಸಿ, "ಎಂತ ಅಮ್ಮ ಇದು? ನಾಳೆ ನಾನು ಸತ್ತರೆ ಆ ದುಡ್ಡು ಯಾರಿಗೆ?" ಎಂದರು.

ಮಾಮಿ ಇನ್ನೊಂದು ಸೌಟು ಗಂಜಿ ಬಡಿಸಿ ಕೇಳಿದರು, "ನಾಳೆ ನೀನು ಸಾಯದಿದ್ದರೆ?"

ಅದಾದ ಕೆಲವು ವರ್ಷಕ್ಕೆ ನನ್ನ ಗಂಡನ ಕಂಪನಿ ಮುಚ್ಚಿತು. ಕೊನೆಯ ತಿಂಗಳುಗಳ ಸಂಬಳವೂ ಸಿಗದೆ, ಒಂದೇ ಬ್ಯಾಗು ಹಿಡಿದು ಮನೆಗೆ ಬಂದರು. ಊರವರ ಪ್ರಶ್ನೆಗೆ ಹೆದರಿ ಕೋಣೆಯಿಂದ ಹೊರಗೇ ಬರುತ್ತಿರಲಿಲ್ಲ. ನನ್ನ ಬಳೆ ಅಡವಿಡುವ ಮಾತೂ ಆಡಿದರು. ಮಾಮಿ ಬಾಗಿಲಲ್ಲಿ ನಿಂತು ಹೇಳಿದರು, "ಯಾವುದನ್ನೂ ಮಾರುವುದು ಬೇಡ, ಅಡವಿಡುವುದೂ ಬೇಡ. ಕೆಲಸ ಸಿಗುವವರೆಗೆ ಈ ಮನೆಯಲ್ಲಿ ಆಟಿ. ಹಾಗೆ ಇದ್ದರೆ ಠೇವಣಿ ಒಂದು ವರ್ಷಕ್ಕೆ ಸಾಕು. ನೀನು ನಿಧಾನ ಕೆಲಸ ನೋಡು."

ನಿಜಕ್ಕೂ ನಮಗೇನೂ ಹೊಸದೆನಿಸಲಿಲ್ಲ. ಈ ಆಟಿಗಳಲ್ಲೇ ಬೆಳೆದ ನನ್ನ ಪುಟ್ಟ ಮಗಳು ಕೂಡ ಮೀನಿನ ಹಾರ್ನಿಗೆ ತಲೆಯೆತ್ತಲಿಲ್ಲ. ಮೊದಲು ಸಿಕ್ಕಿದ, ಅರ್ಧ ಸಂಬಳದ ಕೆಲಸವನ್ನು ಬೇಡವೆನ್ನಲು ಇವರಿಗೆ ಸಾಧ್ಯವಾಯಿತು. ಆದರೂ ತಿಂಗಳು ಕಳೆದಂತೆ ಮುಖ ಬಾಡುತ್ತಲೇ ಹೋಯಿತು. ಒಂದು ಮಧ್ಯಾಹ್ನ ಮಾಮಿ ಒಳ್ಳೆಯ ಸೀರೆ ಉಟ್ಟು, ತಲೆ ಬಾಚಿಕೊಂಡು ಬಂದರು. "ಹೊರಡಿ, ಮೂಡುಬಿದಿರೆಗೆ ಹೋಗಿ ಗಡ್‌ಬಡ್ ತಿನ್ನುವ."

"ಈಗಲಾ ಅಮ್ಮ? ಕೆಲಸ ಇಲ್ಲದಾಗ?"

"ಕೆಲಸ ಇರುವಾಗ ಎಲ್ಲರೂ ತಿನ್ತಾರೆ ಮಾರಾಯ. ಈಗ ತಿನ್ನಲಿಕ್ಕೇ ಧೈರ್ಯ ಬೇಕಾದ್ದು."

ಉದ್ದ ಗ್ಲಾಸಿನ ಆ ಐಸ್‌ಕ್ರೀಮನ್ನು ಮೊಮ್ಮಗಳಿಗಿಂತ ಮೊದಲು ಮುಗಿಸಿದ್ದು ಅವರೇ. ಆ ದಿನ ಇವರು ನಕ್ಕರು. ಬಸ್‌ಸ್ಟ್ಯಾಂಡಿಗೆ ನಡೆಯುವಾಗ ಖಾಲಿ ಅಂಗಡಿಯೊಂದನ್ನು ನೋಡಿ, ಬಾಡಿಗೆ ಎಷ್ಟೆಂದು ವಿಚಾರಿಸಿದರು. ಈಗ ಫ್ರಿಜ್, ಎಸಿ ರಿಪೇರಿ ಮಾಡುವುದು ಅಲ್ಲೇ.

ಮಾಮಿ ತೀರಿಕೊಂಡದ್ದು ಎರಡು ವರ್ಷದ ಹಿಂದೆ, ಹೆಚ್ಚು ನರಳದೆ. ಅಂಗಡಿ ಶುರುವಾದ ಮೇಲೆ ನಾನೂ ಒಂದು ಶಾಲೆಯಲ್ಲಿ ಕಲಿಸಲು ಸೇರಿದ್ದೆ. ಈ ವರ್ಷ ಅಲ್ಲಿ ಮಕ್ಕಳು ಕಡಿಮೆಯಾದರೆಂದು ಇಬ್ಬರು ಶಿಕ್ಷಕಿಯರನ್ನು ಕೆಲಸದಿಂದ ತೆಗೆದರು. ಅದರಲ್ಲಿ ನಾನೊಬ್ಬಳು. ಇನ್ನೊಬ್ಬಳು ನನಗಿಂತ ಚಿಕ್ಕವಳು, ಆ ಸಂಜೆ ಬಸ್ಸಿನಲ್ಲಿ ನನ್ನ ಪಕ್ಕ ಕೂತು ಅಳುತ್ತಿದ್ದಳು. ಹಿಂದಿನ ದಿನವಷ್ಟೇ ಕಂತಿನ ಮೇಲೆ ಸ್ಕೂಟರ್ ತಂದಿದ್ದಳಂತೆ. ನಾಳೆಯೇ ಮಾರಿಬಿಡುತ್ತೇನೆ ಎನ್ನುತ್ತಿದ್ದಳು. ನನಗೂ ದುಃಖವಿತ್ತು. ಆದರೆ ಹೆದರಿಕೆಯನ್ನು ಹುಡುಕಿದೆ, ಸಿಗಲಿಲ್ಲ. ಅದನ್ನು ನನ್ನೊಳಗಿಂದ ಯಾರು ಯಾವಾಗ ತೆಗೆದಿಟ್ಟರೆಂದು ನನಗೆ ಗೊತ್ತಿತ್ತು.

ಬೆಳುವಾಯಿ ಬಂತು. ಅವಳ ಕೈ ಹಿಡಿದು ನನ್ನ ಜೊತೆಗೇ ಇಳಿಸಿಕೊಂಡೆ.

"ನಾಳೆ ಎಂತದ್ದೂ ಮಾರಬೇಡ," ಎಂದೆ. "ಮೊದಲು ಮನೆಗೆ ಬಾ, ಊಟ ಮಾಡುವ."