ಟ್ಯಾಪೆಟ್ ಕವರಿನ ಮೇಲಿನ ಬೊಟ್ಟು

ನನ್ನ ಮೊಮ್ಮಗಳು ಮೆಕ್ಯಾನಿಕ್. ಇದನ್ನು ಹೇಳದೆ ಈಗ ನನ್ನ ಯಾವ ಮಾತೂ ಶುರುವಾಗುವುದಿಲ್ಲ. ಹೊಸನಗರದ ಬಸ್ ಸ್ಟ್ಯಾಂಡಿನಲ್ಲಿ ಯಾರಾದರೂ ಸಿಕ್ಕಿದರೆ ಅವರು ಆರೋಗ್ಯ ಕೇಳುವ ಮೊದಲೇ ಹೇಳಿಬಿಡುತ್ತೇನೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು, ಬರೆಯುವ ಅಭ್ಯಾಸವಿಲ್ಲ. ಆದರೂ ಆ ಒಂದು ದಿನದ್ದನ್ನು ಬರೆದಿಡಬೇಕು ಅನಿಸಿದೆ.

ಅವಳು ಸಾಗರದ ಒಂದು ವರ್ಕ್‌ಶಾಪಿನಲ್ಲಿ ಕೆಲಸಕ್ಕಿದ್ದಳು. ಆಯಿಲ್ ಬದಲಿಸುವುದು, ಟೈರು ಬಿಚ್ಚುವುದು, ಅಷ್ಟೇ. ಅಲ್ಲಿಗೆ ತೀರ್ಥಹಳ್ಳಿಯಿಂದ ಒಂದು ಹಳೇ ಕಾರು ಬರುವುದಿತ್ತು. ಅದರ ಎಂಜಿನ್ನಿನ ಅಲ್ಯೂಮಿನಿಯಂ ಭಾಗಗಳೆಲ್ಲ ಹೊಸದರಲ್ಲಿ ಹೇಗಿದ್ದವೋ ಹಾಗೇ ಕಾಣಬೇಕು ಅಂತ ಅದರ ಯಜಮಾನರ ಆಸೆ. ಆ ಕೆಲಸ ನನಗೆ ಕೊಡಿ ಅಂತ ಇವಳು ಹಟ ಹಿಡಿದಳು. ಮೇಸ್ತ್ರಿ ಒಂದು ಮಾತು ಹೇಳಿದರಂತೆ: ಮೊದಲು ನಿಮ್ಮ ಮನೆ ಕಾರಿಂದು ಒಂದು ಭಾಗ ಮಾಡಿ ತಂದು ತೋರಿಸು, ಸರಿ ಬಂದರೆ ತೀರ್ಥಹಳ್ಳಿ ಗಾಡಿ ಕೆಲಸವೂ ನಿಂದೇ, ಇಲ್ಲದಿದ್ದರೆ ಟೈರು ಬಿಚ್ಚಿಕೊಂಡು ಇರು.

ಮನೆ ಕಾರು ಅಂದರೆ ನಾನು ಬಾಡಿಗೆಗೆ ಓಡಿಸುತ್ತಿದ್ದದ್ದು. ತಾಳಗುಪ್ಪದ ರೈಲಿಗೆ ಎಷ್ಟು ಜನರನ್ನು ಮುಟ್ಟಿಸಿದ್ದೆನೋ. ಎಂಜಿನ್ನಿನ ನೆತ್ತಿಯ ಮೇಲೆ ಮುಚ್ಚಳದ ಹಾಗೆ ಕೂರುವ ಟ್ಯಾಪೆಟ್ ಕವರನ್ನು ಅವಳು ಬಿಚ್ಚಿ ಅಂಗಳಕ್ಕೆ ತಂದಳು.

"ಅಜ್ಜ, ಎಂತಾ ಇದು! ಮದುವೆ ಹೆಣ್ಣಿಗೂ ಇಷ್ಟು ಬಳಿಯಲ್ಲ."

ಬಳಿದವನು ನಾನೇ. ಪ್ರತಿ ಆಯುಧಪೂಜೆಯ ಹಿಂದಿನ ದಿನ ಅದಕ್ಕೊಂದು ಕೈ ಬೆಳ್ಳಿ ಬಣ್ಣ ಹೊಡೆಯುತ್ತಿದ್ದೆ. ಮರುದಿನ ನನ್ನ ಹೆಂಡತಿ ಅದರ ನಡುವೆ, ಯಾವಾಗಲೂ ಅದೇ ಜಾಗಕ್ಕೆ, ಉಂಗುರದ ಬೆರಳಿನಿಂದ ಕುಂಕುಮ ಇಡುತ್ತಿದ್ದಳು. ಇಟ್ಟ ಕುಂಕುಮವನ್ನು ಒರೆಸಬಾರದು ಅಂತ ಅವಳ ಕಟ್ಟುನಿಟ್ಟು. ಹಾಗಾಗಿ ಮುಂದಿನ ವರ್ಷದ ಬಣ್ಣವನ್ನು ಹಿಂದಿನ ವರ್ಷದ ಬೊಟ್ಟಿನ ಮೇಲೇ ಬಳಿಯುತ್ತಿದ್ದೆ. ಅವಳು ತೀರಿಕೊಂಡ ಮೇಲೆ ನಾನು ಬಣ್ಣ ಬಳಿದಿಲ್ಲ. ಕಾರನ್ನು ಹೊರಗೂ ತೆಗೆದಿಲ್ಲ.

ಮೊಮ್ಮಗಳು ಬಣ್ಣ ತೆಗೆಯುವ ಔಷಧಿ ಸವರಿ ಮರದ ಚೂರಿನಲ್ಲಿ ಮೆಲ್ಲಗೆ ಕೆರೆಯತೊಡಗಿದಳು. ಕಬ್ಬಿಣ ತಾಗಿಸಿದರೆ ಗೀರು ಬೀಳುತ್ತದಂತೆ. ಒಂದು ಪದರ ಎದ್ದಿತು, ಕೆಳಗೊಂದು ಕೆಂಪು ಬೊಟ್ಟು. ಇನ್ನೊಂದು ಪದರ, ಇನ್ನೊಂದು ಬೊಟ್ಟು. ಅವಳ ಕೈ ನಿಧಾನವಾಯಿತು. ನಾನು ಜಗಲಿಯಿಂದ ಇಳಿದು ಬಂದು ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತೆ. ಹಳೆಯ ಬೊಟ್ಟುಗಳು ಇಟ್ಟಿಗೆ ಬಣ್ಣಕ್ಕೆ ತಿರುಗಿದ್ದವು.

ಎಲ್ಲಕ್ಕೂ ಕೆಳಗಿನದು ಬರೀ ಲೋಹದ ಮೇಲಿತ್ತು. ಅದು ಕಾರು ಹೊಸದಾಗಿ ಬಂದ ವರ್ಷದ್ದು, ಆಗಿನ್ನೂ ನಾನು ಬಣ್ಣ ಬಳಿದಿರಲಿಲ್ಲ. ಒರೆಸಿದರೆ ಅಲ್ಲೊಂದು ಕಪ್ಪು ತಗ್ಗು.

"ಕುಂಕುಮದಲ್ಲಿ ಸುಣ್ಣ ಇರ್ತದಲ್ಲ ಅಜ್ಜ, ತೇವ ತಗೊಂಡ್ರೆ ಅಲ್ಯೂಮಿನಿಯಂ ತಿಂತದೆ. ಆ ಮೂಲೇಲೂ ಒಂದು ತಗ್ಗಿದೆ, ಅದು ಯಾವಾಗ್ಲೋ ಸ್ಪ್ಯಾನರ್ ಬಿದ್ದಿದ್ದು. ವೆಲ್ಡಿಂಗ್ ತುಂಬಿಸಿ ತೀಡಿ, ಮೇಲೆ ಗಾಜಿನ ಮಣಿ ಹೊಡೆಸಿದ್ರೆ ಗೊತ್ತೇ ಆಗಲ್ಲ." ನಡುವಿನ ಕಪ್ಪು ತಗ್ಗನ್ನು ತೋರಿಸಿ ಕೇಳಿದಳು, "ಅಜ್ಜಿದೂ ತುಂಬಿಸ್ಲಾ?"

"ತುಂಬ್ಸು," ಅಂದೆ. "ಮೇಸ್ತ್ರಿ ಒಪ್ಪಬೇಕಲ್ಲ. ನಿಮ್ಮಜ್ಜಿ ಇದ್ದಿದ್ರೂ ಹಂಗೇ ಅಂತಿದ್ಲು."

ಹೇಳಿದ್ದು ಮನಸ್ಸಿನಿಂದಲೇ. ಆದರೆ ಎದ್ದು ಹೋಗಿ ಮುಖ ತೊಳೆದುಕೊಂಡೆ.

ಅವಳು ತೋರಿಸುವ ದಿನ ಬಸ್ಸು ಹತ್ತಿ ಸಾಗರಕ್ಕೆ ಹೋದೆ. ಸಣ್ಣ ಗಾಜಿನ ಮಣಿಗಳನ್ನು ಗಾಳಿಯಲ್ಲಿ ರಭಸವಾಗಿ ಹೊಡೆಸಿ ಕವರನ್ನು ಸಿದ್ಧ ಮಾಡಿಟ್ಟಿದ್ದಳು. ಕನ್ನಡಿಯ ಹಾಗೆ ಹೊಳೆಯುತ್ತದೆ ಅಂದುಕೊಂಡಿದ್ದೆ. ಅದಾದರೋ ಒಣಗಿದ ಹೊಳೆಮರಳಿನ ಹಾಗೆ ತಣ್ಣಗಿನ ಬಿಳುಪು.

"ಇದೇನೇ, ಇಷ್ಟು ಕಷ್ಟಪಟ್ಟು ಮಾಸಲು ಮಾಡಿಟ್ಟಿದ್ದೀಯ?"

"ಹೊಸದ್ರಲ್ಲಿ ಹಿಂಗೇ ಇತ್ತು ಅಜ್ಜ. ನೋಡಿದವನು ನೀನು, ಮರೆತವನೂ ನೀನೇ!"

ನಿಜ. ನೋಡುತ್ತಾ ನೋಡುತ್ತಾ ನೆನಪಾಯಿತು. ಮೊದಲ ದಿನ ಬಾನೆಟ್ ಎತ್ತಿದಾಗ ಕಂಡದ್ದು ಇದೇ ಬಿಳುಪು.

ಮೇಸ್ತ್ರಿ ಕವರನ್ನು ಬೆಳಕಿಗೆ ಹಿಡಿದು ತಿರುಗಿಸಿದರು. ಹೆಬ್ಬೆರಳು ನಡುವೆ ಬಂದು ನಿಂತಿತು.

"ಇಲ್ಲೊಂದು ತಗ್ಗು ಬಿಟ್ಟಿದ್ದೀಯಲ್ಲ ಮಾರಾಯ್ತಿ."

ತುಂಬಿಸು ಅಂತ ನಾನು ಹೇಳಿರಲಿಲ್ಲವೇ?

"ಗೊತ್ತು ಸಾರ್. ಅದು ಅಜ್ಜಿ ಇಟ್ಟ ಮೊದಲನೇ ಬೊಟ್ಟು, ತುಂಬ್ಸಲ್ಲ. ತುಂಬ್ಸೋಕೆ ಬರಲ್ಲ ಅಂತಲ್ಲ. ಮೂಲೇಲಿ ಇನ್ನೊಂದಿತ್ತು, ಎಲ್ಲಿ ಅಂತ ಹುಡುಕಿ ನೋಡಿ."

ಮೇಸ್ತ್ರಿ ಹುಡುಕಿದರು. ಕನ್ನಡಕ ಹಾಕಿಕೊಂಡು ಹುಡುಕಿದರು. ಉಗುರಿನಲ್ಲಿ ತಡವಿದರು. ಸಿಗಲಿಲ್ಲ.

"ಗಿರಾಕಿ ಗಾಡೀಲಿ ಇಂಥದ್ದು ಕಂಡ್ರೆ ಎಂತ ಮಾಡ್ತೀಯ?"

"ಮುಚ್ಚೋ ಮೊದ್ಲು ಅವರನ್ನ ಕೇಳ್ತೀನಿ."

ಅವರು ಕನ್ನಡಕ ತೆಗೆದು ಜೇಬಿಗಿಟ್ಟರು. ಆಮೇಲೆ ಕವರನ್ನು ಅವಳ ಕೈಗಿತ್ತರು. "ಸೋಮವಾರ ತೀರ್ಥಹಳ್ಳಿ ಗಾಡಿ ಬರ್ತದೆ. ನೀನೇ ಬಿಚ್ಚು."

ಅಲ್ಲಿದ್ದವರಿಗೆಲ್ಲ ಟೀ ತರಿಸಿದೆ. ಯಾರಿಗೆ ಏನು ಹೇಳಿದೆನೋ, ಬಾಯಿ ನಿಲ್ಲಲಿಲ್ಲ. ಗಲಾಟೆ ತಗ್ಗಿದ ಮೇಲೆ ಮೊಮ್ಮಗಳು ಕವರನ್ನು ತಂದು ನನ್ನ ತೊಡೆಯ ಮೇಲಿಟ್ಟಳು. ನಾನು ಉಂಗುರದ ಬೆರಳನ್ನು ಆ ತಗ್ಗಿನಲ್ಲಿಟ್ಟು ನೋಡಿದೆ. ನನ್ನದು ದಪ್ಪ ಬೆರಳು, ಅದರಲ್ಲಿ ಕೂರಲಿಲ್ಲ.