ಹಾಡಿನ ನಡುವೆ ಆರಿದ ಚಹಾ

೧೯೯೪ರಲ್ಲಿ ಏಳನೇ ತರಗತಿಗೇ ಶಾಲೆ ಬಿಟ್ಟು ವೆಲ್ಡಿಂಗ್ ಕೆಲಸಕ್ಕೆ ಸೇರಿದೆ. ಎಷ್ಟೋ ವರ್ಷಗಳ ಮೇಲೆ ರೇಡಿಯೊದ ಹಳ್ಳಿ ಹಾಡುಗಳನ್ನು ಮನೆಯ ಕಂಪ್ಯೂಟರಿಗೆ ರೆಕಾರ್ಡ್ ಮಾಡುವುದನ್ನು ನಾನೇ ಕಲಿತೆ. ಆ ಸುದ್ದಿ ಕೇಳಿ ಮೊನ್ನೆ ಮಸರಕಲ್ಲಿನ ಹಾಡುಗಾರ್ತಿ ಹನುಮವ್ವ ಮಾನ್ವಿಯ ನಮ್ಮ ಮನೆ ಹುಡುಕಿಕೊಂಡು ಬಂದರು.

"ಯಪ್ಪಾ, ನನ್ನ ಹಾಡು ರೇಡಿಯೊದಾಗ ಬಂದಾಗ ನಾ ಹೊಲದಾಗಿದ್ದೆ. ನಾನೇ ಕೇಳಿಲ್ಲ ನೋಡು."

ಕಂಪ್ಯೂಟರಿನಲ್ಲಿ ಆ ಹಾಡು ಹುಡುಕಿ ಹಚ್ಚಿದೆ. ಹನುಮವ್ವ ಕಣ್ಣು ಮುಚ್ಚಿ ಕೂತರು. ಎರಡನೇ ನುಡಿಗೆ ನನ್ನ ಹೆಂಡತಿಯ ದನಿ: "ಎಷ್ಟೊತ್ತು ಆ ಡಬ್ಬಿ ಮುಂದ ಕೂಡ್ತೀರಿ? ಚಾ ಆರಾಕತ್ತದ!"

ಆ ದಿನಗಳಲ್ಲಿ ರೇಡಿಯೊ ಮುಂದೆ ಮೈಕ್ ಇಟ್ಟು ರೆಕಾರ್ಡ್ ಮಾಡುತ್ತಿದ್ದೆ; ಬೈಗುಳವೂ ಸೇರಿಬಿಟ್ಟಿತ್ತು. ನಾಚಿಕೊಂಡು, "ಅಷ್ಟು ತೆಗೆದು ಹಾಡಿನ ಕಾಪಿ ಕೊಡ್ತೀನಿ ಯವ್ವಾ" ಎಂದೆ.

ಹನುಮವ್ವ ನಕ್ಕುಬಿಟ್ಟರು. "ಇರಲಿ ಬಿಡೋ! ಚಾ ಬಿಟ್ಟು ನನ್ನ ಹಾಡು ಕೇಳ್ಯಾರ ಅಂತ ಊರಾಗ ತೋರಸ್ತೀನಿ."

ಈಗ ನನ್ನ ಬಳಿ ಒಂದು ವೆಲ್ಡಿಂಗ್ ಅಂಗಡಿ, ಒಂದು ಕಂಪ್ಯೂಟರ್, ಅದರಲ್ಲಿ ನಾನೂರು ಹಾಡು, ಒಂದು ಬೈಗುಳ ಇವೆ.