ತಂಗಿಯಿಲ್ಲದ ಮನೆ

ಕುಚ್ಚಲಕ್ಕಿ ಉಣ್ಣುವ ಮನೆಗಳಲ್ಲಿ ಕಾದಂಬರಿ ಬರೆಯುವುದು ಸುಲಭವೆಂದು ಈಚಿನವರೆಗೂ ನಾನು ನಂಬಿದ್ದೆ. ನಗಬೇಡಿ, ನಂಬಿಕೆಗೆ ಆಧಾರವಿದೆ. ಬೆಳ್ತಿಗೆ ಅಕ್ಕಿಯವರಿಗೆ ಕುಕ್ಕರು ಕೂಗಿ ಮುಗಿಸುವಷ್ಟರಲ್ಲಿ ಒಂದು ಚುಟುಕ ಹೊಳೆದರೆ ಅದೇ ಹೆಚ್ಚು. ನಮ್ಮ ಕೆಂಪಕ್ಕಿಯಾದರೋ ನೆಂಟರ ಮನೆಯ ಹಿರಿಯರ ಹಾಗೆ, ಮೊದಲು ಬಹಳ ಹೊತ್ತು ಸುಮ್ಮನಿದ್ದು, ಆಮೇಲೆ ಸಣ್ಣಗೆ ಗೊಣಗಿ, ಕೊನೆಗೆ ಮುಚ್ಚಳವನ್ನೇ ಎತ್ತಿಹಾಕುವಷ್ಟು ಮಾತಿಗೆ ತೊಡಗುತ್ತದೆ. ಒಲೆಯ ಮೇಲಿಟ್ಟಲ್ಲಿಂದ ಗಂಜಿ ಬಸಿಯುವವರೆಗಿನ ಆ ಉದ್ದನೆಯ ಹೊತ್ತು ಇಷ್ಟು ವರ್ಷ ಕಾಯಿ ತುರಿಯುವುದರಲ್ಲಿ, ಕಿಟಕಿಯಾಚೆ ಪಕ್ಕದ ಮನೆಯ ಬೆಕ್ಕಿನ ದಿನಚರಿ ನೋಡುವುದರಲ್ಲಿ ಸಂದುಹೋಗುತ್ತಿತ್ತು. ಈ ಸಲದ ಮಳೆಗಾಲದಲ್ಲಿ ಅದನ್ನು ನಾನು ಕಾದಂಬರಿಗೆ ಬರೆದುಕೊಟ್ಟೆ.

ಕಾರಣ ಇಷ್ಟೆ. ಮೊದಲ ಕಾದಂಬರಿ ಬರೆಯುವ ಹೆಂಗಸರಿಗಾಗಿ ಪ್ರಕಾಶಕರೊಬ್ಬರು ಸ್ಪರ್ಧೆಯಿಟ್ಟಿದ್ದರು. ಆಯ್ಕೆಯಾದರೆ ಪುಸ್ತಕವಾಗಿ ಅಚ್ಚು. ಪ್ರಕಟಣೆ ಕಣ್ಣಿಗೆ ಬಿದ್ದದ್ದು ಆಷಾಢದಲ್ಲಿ, ಹಸ್ತಪ್ರತಿ ತಲುಪಬೇಕಾದದ್ದು ನವರಾತ್ರಿಗೆ ಮುಂಚೆ. ಎಮ್ಮೆ ಕೊಳ್ಳುವ ಮೊದಲೇ ಮೊಸರಿನ ಗಡಿಗೆ ಹುಡುಕುವಂತೆ ನಾನಾಗಲೇ ಮುಖಪುಟದ ಬಣ್ಣವನ್ನು ಯೋಚಿಸುತ್ತಿದ್ದೆ. ಅಲ್ಲಿಯವರೆಗೆ ನನ್ನ ಹೆಸರು ಅಚ್ಚಾದದ್ದು ಎರಡೇ ಕಡೆ: ನಮ್ಮ ಮದುವೆಯ ಕರೆಯೋಲೆಯಲ್ಲಿ, ಪತ್ರಿಕೆಯೊಂದರ ಅಡುಗೆ ಪುಟದಲ್ಲಿ. ಮೂರನೆಯ ಕಡೆಯೂ ಅಚ್ಚಾಗಬೇಕೆಂಬ ಆಸೆ ಐವತ್ತು ದಾಟಿದ ಹೆಂಗಸಿಗೆ ಎಷ್ಟು ನಾಚಿಕೆಯದ್ದೂ ಎಷ್ಟು ಬಲವಾದದ್ದೂ ಆಗಿರಬಲ್ಲದೆಂದು ನಿಮಗೆ ಹೇಗೆ ಹೇಳಲಿ? ಹೇಳುವ ಕೆಲಸವನ್ನು ನಮ್ಮವರೇ ವಹಿಸಿಕೊಂಡರು. ಯಡ್ತರೆಯ ಹತ್ತಿರ ಅವರದೊಂದು ಹೋಟೆಲಿದೆ. ಬನ್ಸು ತಿನ್ನಲು ಬಂದವರಿಗೆಲ್ಲ ಚಟ್ನಿಯ ಜೊತೆ ಈ ಸುದ್ದಿಯನ್ನೂ ಬಡಿಸಿ, ಸಂಜೆ ಮನೆಗೆ ಬಂದು ನನ್ನನ್ನು ಹೆದರಿಸುತ್ತಿದ್ದರು.

"ಊರಿಗೆಲ್ಲ ಹೇಳಿ ಆಯ್ತ್ ಮಾರಾಯ್ತಿ. ಇನ್ನ್ ನೀನ್ ಬರೀದಿರೆ ನಾನ್ ಗಲ್ಲಾದಂಗೆ ಕೂಕಂಬುದ್ ಹ್ಯಾಂಗ್?"

ಬರೆದೆ. ದೊಡ್ಡ ಮನೆಯೊಂದನ್ನು ಕಟ್ಟಿದೆ. ಬಸ್ರೂರಿನ ಆಸುಪಾಸಿನ ಹೊಳೆಬದಿಯ, ಭೂಮಾಲೀಕರ ಗುತ್ತಿನಂಥ ಮನೆ, ನಮ್ಮದೇ ಒಕ್ಕಲುತನದ ಜನ, ಅತ್ತೆಯ ಬಾಲ್ಯದ ಕಾಲ. ಮನೆಯ ಯಜಮಾನ ತೀರಿಕೊಳ್ಳುತ್ತಾನೆ. ಅವನ ತಮ್ಮ ಮೋಸದಿಂದ ಮನೆಯನ್ನು ನುಂಗಿ, ಅಣ್ಣನ ಮಗನಾದ ನನ್ನ ನಾಯಕನನ್ನು ಹೊರಗಟ್ಟುತ್ತಾನೆ. ನಾಯಕ ಕಷ್ಟಪಟ್ಟು, ಕೊನೆಗೊಂದು ದಿನ ಅಪ್ಪನ ಮನೆಯ ಬಾಗಿಲನ್ನು ತನ್ನ ಕೈಯಾರೆ ತೆರೆಯುತ್ತಾನೆ. ಬರೆಯುತ್ತ ಬರೆಯುತ್ತ ನನಗೆ ನನ್ನ ಜನರ ಬಗ್ಗೆಯೇ ಕುತೂಹಲ ಹುಟ್ಟುತ್ತಿತ್ತು. ಸಿಟ್ಟು ಬಂದ ಚಿಕ್ಕಪ್ಪ ತಾಂಬೂಲವನ್ನು ಎಡದವಡೆಯಿಂದ ಬಲದವಡೆಗೆ ದಾಟಿಸುವನೇ, ಉಗುಳಿಬಿಡುವನೇ? ಸುಣ್ಣದ ಡಬ್ಬಿ ಕೊಡುವ ಹೆಂಗಸಿನ ಬಳೆ ಯಾವ ಸದ್ದು ಮಾಡೀತು? ಇಂಥ ಸಣ್ಣ ಸಂಗತಿಗಳಿಗೆ ನಾನು ಎಷ್ಟು ತಲೆ ಕೊಟ್ಟೆನೆಂದರೆ, ದೊಡ್ಡ ಸಂಗತಿಯೊಂದು ಹಜಾರದ ಕಂಬದಂತೆ ಎದುರಿಗೇ ನಿಂತಿದ್ದರೂ ಕಾಣಲಿಲ್ಲ.

ಅದು ಕಂಡದ್ದು ಅತ್ತೆಗೆ, ಅದೂ ಕಣ್ಣಿನ ಆಪರೇಷನ್ ಆದ ಮೇಲೆ. ಎಂಬತ್ತು ದಾಟಿದ ಅವರಿಗೆ ಡಾಕ್ಟರು ಕಪ್ಪು ಕನ್ನಡಕ ತೊಡಿಸಿ, ಸ್ವಲ್ಪ ಕಾಲ ಓದುವುದು ಬೇಡವೆಂದಿದ್ದರು. ಪತ್ರಿಕೆಯನ್ನು ಮೊದಲ ಪುಟದ ರಾಜಕೀಯದಿಂದ ಕೊನೆಯ ಪುಟದ ಶ್ರದ್ಧಾಂಜಲಿಯವರೆಗೆ ನಾನೇ ಓದಿ ಹೇಳಬೇಕು. ಒಂದು ದಿನ ಪತ್ರಿಕೆಯೇ ಬರಲಿಲ್ಲ.

"ಹಾಂಗಾರೆ ನಿಂದ್ ಓದ್, ಹೆಣೆ. ಅಷ್ಟ್ ದಿನದಿಂದ ಗೀಚ್ತಾ ಇದ್ಯಲ, ಎಂತ ಅಂದೇಳಿ ಕೇಂಬ."

ಓದಿದೆ. ಅತ್ತೆ ಕೇಳುವ ರೀತಿಯೇ ಬೇರೆ. ಸೀರೆಯ ಅಂಚನ್ನು ಬೆರಳುಗಳ ನಡುವೆ ಹಿಡಿದು, ನನ್ನ ವಾಕ್ಯ ನಿಂತಲ್ಲೆಲ್ಲ ಒಂದು ನೆರಿಗೆ ಮಾಡುತ್ತಾರೆ. ಯಜಮಾನ ಸತ್ತಾಗ ನೆರಿಗೆ ಸರಿಯಾಗಿತ್ತು. ಚಿಕ್ಕಪ್ಪ ಮನೆ ನುಂಗಿದಾಗ ಬೆರಳು ನಿಂತಿತು.

"ಅಲ್ಲ ಮಾರಾಯ್ತಿ, ಅಪ್ಪಯ್ಯನ ಮನಿ ಆ ಮಾಣಿಗ್ ಹ್ಯಾಂಗ್ ಬತ್ತ್? ಅವ್ನಿಗೆ ಅಬ್ಬಿ ಮನಿ ಇಲ್ಯಾ? ಮಾವ ಇಲ್ಯಾ?"

"ಅಪ್ಪನ ಮನೆ ಮಗನಿಗಲ್ದಾ ಅತ್ತೆ?"

"ಆಗಳಿನ ಕಾಲದಂಗೆ? ನಮ್ಮ ಜನಕ್ಕಾ? ಆ ಚಿಕ್ಕಪ್ಪಯ್ಯನ್ ಮಕ್ಳಿಗೂ ಸಿಕ್ಕುದಿಲ್ಲೆ ಅದ್. ಪಾಪ, ಸುಮ್ನೆ ಅವ್ನ ಕಳ್ಳ ಮಾಡಿ ಇಟ್ಟಿದಿ." ಅತ್ತೆ ನಗತೊಡಗಿದ್ದರು. "ಆ ಅಣ್ಣತಮ್ಮಂದಿರಿಗೆ ಒಂದ್ ತಂಗಿಯಾರೂ ಬರಿ ಹೆಣೆ! ತಂಗಿ ಇಲ್ದೆ ಮನಿ ಯಾರಿಗ್ ಹೋಪುದ್?"

ಅಳಿಯಕಟ್ಟು! ಮನೆ ತಾಯಿಯಿಂದ ಮಗಳಿಗೆ, ಯಜಮಾನಿಕೆ ಮಾವನಿಂದ ಸೋದರಳಿಯನಿಗೆ ಹರಿಯುತ್ತಿದ್ದ ನಮ್ಮ ಹಳೆಯ ಕಟ್ಟಳೆ. ನನಗದು ಗೊತ್ತಿರಲಿಲ್ಲವೆಂದಲ್ಲ. ಆದರೆ ಗೊತ್ತಿರುವುದು ಬೇರೆ, ಬರೆಯುವಾಗ ಕೈಗೆ ಬರುವುದು ಬೇರೆ. ಅಪ್ಪ ಮುಂಬಯಿಯ ಹೋಟೆಲಿನಲ್ಲಿ, ನಾನೂ ಅಮ್ಮನೂ ಬ್ರಹ್ಮಾವರದ ಬಾಡಿಗೆ ಮನೆಯಲ್ಲಿ. ಕಟ್ಟಳೆ ಹೇರಲು ನಮಗೊಂದು ಮನೆಯೇ ಇರಲಿಲ್ಲ. ಕಾನ್ವೆಂಟಿನ ಲೈಬ್ರರಿಯಲ್ಲಿ ಸಿಸ್ಟರುಗಳು ಎಣಿಸಿಕೊಡುತ್ತಿದ್ದ ದಪ್ಪ ದಪ್ಪ ಕಾದಂಬರಿಗಳಲ್ಲಿ ಮಂಜು ಮುಸುಕಿದ ಬಂಗಲೆಗಳೆಲ್ಲ ಹಿರಿಯ ಮಗನಿಗೇ ಸೇರುತ್ತಿದ್ದವು. ಬಾಲ್ಯದಲ್ಲಿ ಕಣ್ಣರಳಿಸಿ ಓದಿದ ಆ ಬಂಗಲೆಗೆ ನಾನು ಹೆಂಚು ಹೊದಿಸಿ, ತುಳಸಿಕಟ್ಟೆ ಇಟ್ಟು, ಬಸ್ರೂರಿನ ಹೊಳೆಬದಿಗೆ ತಂದು ನಿಲ್ಲಿಸಿದ್ದೆ. ಹೆಂಗಸಾಗಿ, ಹೆಂಗಸರ ಸ್ಪರ್ಧೆಗೆಂದು, ಹೆಂಗಸರಿಂದಲೇ ಉಳಿಯುವ ಮನೆಯೊಂದನ್ನು ಬರೆಯಹೊರಟವಳು ಅದರೊಳಗೆ ಒಂದು ಹೆಣ್ಣುಕೂಸನ್ನು ಇಡಲು ಮರೆತಿದ್ದೆ.

ನಮ್ಮವರ ಪರಿಹಾರ ಹೋಟೆಲಿನದು. "ತಂಗಿಯೊಬ್ಳನ್ನ ಸೇರ್ಸ್, ಮುಗೀತಲ. ಜನ ಜಾಸ್ತಿ ಆರೆ ಸಾಂಬಾರಿಗ್ ನೀರ್ ಹಾಕುದಿಲ್ಯಾ?"

ಹಾಕಿ ನೋಡಿದೆ. ಎರಡನೆಯ ಅಧ್ಯಾಯದಲ್ಲಿ ಆ ತಂಗಿ ಮಕ್ಕಳೊಂದಿಗೆ ಒಳಗೆ ಬಂದದ್ದೇ ತಡ, ಇಡೀ ಮನೆ ಅವಳದಾಯಿತು. ಚಿಕ್ಕಪ್ಪನಿಗೆ ಮೋಸ ಮಾಡಲು ಕಾರಣ ಉಳಿಯಲಿಲ್ಲ, ನಾಯಕನಿಗೆ ಕೆಲಸವೇ ಉಳಿಯಲಿಲ್ಲ. ಇನ್ನೊಂದು ದಾರಿಯೂ ಇತ್ತು, ಅದು ಬಹಳ ಆಸೆ ತೋರಿಸುವ ದಾರಿ. ತೀರ್ಪುಗಾರರು ಎಲ್ಲಿಯವರೋ. ಮಗನಿಗೆ ಅಪ್ಪನ ಮನೆ ಸಲ್ಲುವುದು ಅವರಿಗೆ ಸೂರ್ಯ ಮೂಡಿದಷ್ಟು ಸಹಜ. ಕೊನೆಯ ಅಧ್ಯಾಯವೊಂದನ್ನು ಬರೆದು ಹಾಗೆಯೇ ಕಳಿಸಿದರೆ ಕೇಳುವವರು ಯಾರು? ಕಳಿಸಿದರೆ ಪುಸ್ತಕವಾದರೂ ಆದೀತು. ಬಿಟ್ಟರೆ ಇಷ್ಟು ದಿನದ ಗಂಜಿಯ ಹೊತ್ತೆಲ್ಲ ಹಬೆ.

ಬಿಡಲೂ ಆಗದೆ ಬರೆಯಲೂ ಆಗದೆ ಇದ್ದಾಗ, ಒಂದು ಮಧ್ಯಾಹ್ನ ಅತ್ತೆಯ ಕಣ್ಣಿಗೆ ಔಷಧಿ ಹನಿಸುತ್ತ, ಸುಮ್ಮನೆ ಕುತೂಹಲಕ್ಕೆ ಕೇಳಿದೆ: "ಯಜಮಾನ ಸತ್ರೆ ಅವ್ನ ಹೆಂಡ್ತಿ, ಮಕ್ಳ್ ಎಂತ ಮಾಡ್ತಿದ್ರ್ ಅತ್ತೆ?"

"ಎಂತ ಮಾಡುದ್? ನಾವ್ ಬಂದ್ವಲ, ಹಾಂಗೇ."

ಮದುವೆಯಾಗಿ ಇಷ್ಟು ವರ್ಷವಾದರೂ ನಾನು ಕೇಳಿರದ ಕಥೆ ಅಂದು ಮುಚ್ಚಿದ ಕಣ್ಣುಗಳ ಹಿಂದಿನಿಂದ ಹೊರಗೆ ಬಂತು. ಅತ್ತೆಯ ಅಪ್ಪಯ್ಯ ತೀರಿಕೊಂಡಾಗ ಅವರಿಗೆ ಏಳೋ ಎಂಟೋ ವರ್ಷ. ಉತ್ತರಕ್ರಿಯೆಯ ಬೊಜ್ಜ ಮುಗಿದ ಮರುದಿನ ಬಸ್ರೂರಿನ ಕಡೆಯಿಂದ ಸೋದರಮಾವ ದೋಣಿ ತಂದರು. ಅಬ್ಬಿ, ಅಂದರೆ ಅತ್ತೆಯ ತಾಯಿ, ತಾವು ಮದುವೆಯಲ್ಲಿ ತಂದಿದ್ದ ಹಸುವಿನ ಕರುವನ್ನು ದೋಣಿಗೆ ಹತ್ತಿಸಿದರು, ಮಕ್ಕಳನ್ನು ಹತ್ತಿಸಿದರು, ತಾವೂ ಹತ್ತಿದರು. ಅಪ್ಪಯ್ಯನ ಮನೆ ಅಪ್ಪಯ್ಯನ ಅಕ್ಕತಂಗಿಯರಿಗೆ ಉಳಿಯಿತು.

ನಾನು ಔಷಧಿಯ ಬಾಟಲಿ ಬದಿಗಿಟ್ಟೆ. "ಎಷ್ಟ್ ಅತ್ತಿರ್ಬೌದಲ್ದಾ ಅವ್ರ್?"

"ಅಳುದ್ ಎಂತಕ್? ಅಬ್ಬಿ ತನ್ನ ಮನಿಗ್ ಹೋದ್ರ್." ಅತ್ತೆಗೆ ನನ್ನ ಮರುಕವೇ ತಮಾಷೆಯಾಗಿ ಕಂಡಿತು. "ನಮ್ಗೆಲ್ಲ ಖುಷಿಯೇ. ಅಲ್ಲಿ ಅಜ್ಜಿ ಇತ್ತ್, ಮಾವ ಇದ್ರ್, ಮಾವಿನ ಮರ ಇತ್ತ್."

ಕುಂದಾಪುರದಿಂದ ಬೈಂದೂರಿಗೆ ಹೋಗುವ ಬಸ್ಸು ಮರವಂತೆ ದಾಟುವಾಗ ಎಡಗಿಟಕಿಯವರು ಕಡಲು ನೋಡುತ್ತಾರೆ, ಬಲಗಿಟಕಿಯವರು ಹೊಳೆ ನೋಡುತ್ತಾರೆ. ಒಂದೇ ಬಸ್ಸು, ಒಂದೇ ಟಿಕೇಟು. ಆ ಕ್ಷಣ ನನಗೆ ಹಾಗೆನಿಸಿತು. ನಾನು ಜೀವಮಾನವಿಡೀ ಎಡಗಿಟಕಿಯಲ್ಲಿ ಕೂತು ಮನೆ ಬಿಡುವ ಹೆಂಗಸಿನ ಕಣ್ಣೀರನ್ನೇ ಓದಿದವಳು. ಮನೆಗೆ ಮರಳುವ ಹೆಂಗಸು ಬಲಗಿಟಕಿಯಾಚೆ ಇಷ್ಟು ಹೊತ್ತೂ ಇದ್ದಳು. ಇನ್ನು ಇವೆರಡರಲ್ಲಿ ನಿಜ ಯಾವುದು? ಗಂಡನನ್ನು ಸುಟ್ಟು ಬಂದ ಹೆಂಗಸು ತವರಿನ ದೋಣಿಯಲ್ಲಿ ಕೂತಾಗ, ದುಃಖವೂ ನೆಮ್ಮದಿಯೂ ಆ ಮರವಂತೆಯ ರಸ್ತೆಯ ಎರಡು ನೀರುಗಳ ಹಾಗೆ ಅಕ್ಕಪಕ್ಕ ಇರಲಾರವೇ?

ನಾನು ಹಾಗೆಯೇ ಕೇಳಲಿಲ್ಲ. "ದೋಣಿ ಒಳ್ಗೆ ಅಬ್ಬಿ ಮೋರೆ ಹ್ಯಾಂಗಿತ್ತ್ ಅತ್ತೆ?" ಎಂದಷ್ಟೇ ಕೇಳಿದೆ.

ಕಣ್ಣಿನ ಔಷಧಿ ಕೆನ್ನೆಗಿಳಿದಿತ್ತು, ನಾನು ಒರೆಸಿದೆ.

"ಗೊತ್ತಿಲ್ಲೆ ಮಗಾ. ಕರು ಹೆದ್ರಿ ಒದಿತಿತ್ತ್. ನಾನ್ ಕರುನ ಕುತ್ಗಿ ತಬ್ಬಿಕಂಡ್ ಅದ್ರ ಮೋರಿಯೇ ಕಾಂತಿದ್ದೆ. ಅಬ್ಬಿ ಮೋರಿ ಕಾಣ್ಲೇ ಇಲ್ಲೆ." ಆಮೇಲೆ, "ಅವ್ರ್ ಎಂತ ಎಣ್ಸಿರ್ಬೌದ್ ಅಂದೇಳಿ ನೀನೇ ಬರಿ. ನಂಗೂ ತಿಳ್ಕಂಬುಕಿತ್ತ್" ಎಂದರು.

ಇಷ್ಟು ದೊಡ್ಡ ಕೆಲಸವನ್ನು ನನಗೆ ಯಾರೂ ಇಷ್ಟು ಮೆಲ್ಲಗೆ ಒಪ್ಪಿಸಿರಲಿಲ್ಲ. ನಾಯಕನನ್ನೂ ಅವನ ಬಂಗಲೆಯನ್ನೂ ಬದಿಗಿಟ್ಟು ಹೊಸ ಹಾಳೆ ತೆಗೆದುಕೊಂಡೆ. ವಿಚಿತ್ರ ನೋಡಿ, ದಿನಕ್ಕೊಂದು ಅಧ್ಯಾಯ ಉಗುಳುತ್ತಿದ್ದ ನನ್ನ ಪೆನ್ನು ಈಗ ಒಂದು ಹೊಳೆ ದಾಟಲು ದಿನಗಟ್ಟಲೆ ತೆಗೆದುಕೊಂಡಿತು. ಆ ಹೆಂಗಸು ಬಿಟ್ಟುಬಂದ ದಡದ ಕಡವಿನ ಕಡೆಗೆ ಬೆನ್ನು ಮಾಡಿ ಕೂತಳೇ, ಮುಖ ಮಾಡಿ ಕೂತಳೇ? ನೀರಿಗೆ ಕೈ ಅದ್ದಿದಳೇ? ನಾನು ಬರೆದೆ, ಹೊಡೆದುಹಾಕಿದೆ, ಬರೆದಷ್ಟನ್ನು ಅತ್ತೆಗೆ ಓದಿದೆ. ಅವರು ನೆರಿಗೆ ಹಿಡಿಯುವುದನ್ನೇ ಮರೆತು ಕೇಳುತ್ತಿದ್ದರು.

ಹಸ್ತಪ್ರತಿ ಕಳಿಸಬಹುದಾದ ಕೊನೆಯ ದಿನ ನಮ್ಮವರು ಹೋಟೆಲಿನಿಂದ ಬೇಗ ಬಂದರು. ಹಳೆಯ ಕಟ್ಟನ್ನು ಕೈಯಲ್ಲಿ ತೂಗಿ, "ಇದ್ ಹೆಚ್ಚುಕಮ್ಮಿ ಮುಗ್ದಿತ್ತ್ ಅಲ್ದಾ? ನಾಕ್ ಸಾಲ್ ಬರ್ದ್ ಕೊಡ್, ಈಗಳೇ ಕಳ್ಸಿ ಬತ್ತೆ" ಎಂದರು. ಮುಖಪುಟದ ಬಣ್ಣ ಕಣ್ಣೆದುರು ಒಮ್ಮೆ ಮಿಂಚಿಹೋಯಿತು. ಬೇಡವೆಂದೆ. ಅವರು ಕಟ್ಟನ್ನು ಕಪಾಟಿನ ಮೇಲಿಟ್ಟು, "ಗಿರಾಕಿಗಳಿಗೆ ಎಂತಾರೂ ಹೇಳ್ತೆ ಬಿಡ್" ಎಂದು ಕಾಲು ತೊಳೆಯಲು ಹೋದರು.

ಚಾವಡಿಯಲ್ಲಿ ಕೂತಿದ್ದ ಅತ್ತೆಗೆ ಎಲ್ಲವೂ ಕೇಳಿಸಿತ್ತು. "ಕಳ್ಸಲಿಲ್ಯಾ?"

"ಇಲ್ಲೆ ಅತ್ತೆ."

"ಅಡ್ಡಿಲ್ಲೆ." ಕುರ್ಚಿಯಲ್ಲೇ ಸರಿದು ನನ್ನ ಕಡೆಗೆ ಕಿವಿ ತಿರುಗಿಸಿದರು. "ದೋಣಿ ಎಲ್ಲಿಗ್ ಬಂತ್?"

"ಇನ್ನೂ ಹೊಳಿ ನಡುವಿಗೇ ಇತ್ತ್."

"ಹಾಂಗಾರೆ ಓದ್" ಎಂದರು ಅತ್ತೆ.